ಹಳೆ ಪ್ರೊಜೆಕ್ಟರ್‌ಗೆ ಯಾವ ಎಣ್ಣೆ, ಎಲ್ಲಿ, ಎಷ್ಟು ಹನಿ

ಬಾಗಿಲು ಮುಚ್ಚಿದ ಟಾಕೀಸಿನ ಕ್ಯಾಬಿನ್‌ನಿಂದಲೋ, ಶಾಲೆಯ ಸ್ಟೋರ್ ರೂಮಿನ ಮೂಲೆಯಿಂದಲೋ ಒಂದು ಪ್ರೊಜೆಕ್ಟರ್ ಕೈಗೆ ಬಂತು ಅಂದರೆ ಹೆಚ್ಚಿನವರು ಮೊದಲು ಮಾಡುವ ಕೆಲಸ ಎಣ್ಣೆ ಬಿಡುವುದು. ಹೊಲಿಗೆ ಯಂತ್ರದ ಎಣ್ಣೆ ಬುದ್ದಲಿ ಮನೆಯಲ್ಲಿ ಇದ್ದೇ ಇರುತ್ತದೆ. ತೂತು ಕಂಡಲ್ಲೆಲ್ಲ ಪುಚಕ್ ಪುಚಕ್ ಎಂದು ಒತ್ತಿ ಸ್ವಿಚ್ ಹಾಕುತ್ತಾರೆ. ಯಂತ್ರ ತಿರುಗುತ್ತದೆ ಕೂಡ. ಕಾಲು ಗಂಟೆಯೊಳಗೆ ಮೋಟಾರು ಸುಡುತ್ತದೆ, ಬೆಲ್ಟು ಜಾರುತ್ತದೆ, ಪರದೆಯ ಮೇಲೆ ಎಣ್ಣೆಯ ಮೋಡ ತೇಲುತ್ತದೆ. ಆಗ ಯಂತ್ರವೇ ಸರಿಯಿಲ್ಲ ಎಂದು ಮತ್ತೆ ಮೂಲೆಗೆ ಸೇರಿಸುತ್ತಾರೆ.

ಪ್ರೊಜೆಕ್ಟರ್‌ಗೆ ಎಣ್ಣೆ ಬಿಡುವ ಕೆಲಸದಲ್ಲಿ ಅರ್ಧ ಪಾಲು ಎಲ್ಲಿ ಬಿಡಬಾರದು ಎಂಬುದನ್ನು ತಿಳಿಯುವುದು. ಉಳಿದ ಅರ್ಧ, ಪ್ರತಿ ಜಾಗಕ್ಕೂ ಬೇರೆ ಬೇರೆ ದಪ್ಪದ ಎಣ್ಣೆ ಬೇಕು ಎಂಬುದನ್ನು ಒಪ್ಪಿಕೊಳ್ಳುವುದು. ಒಂದೇ ಡಬ್ಬಿಯಲ್ಲಿ ಇಡೀ ಯಂತ್ರದ ಕೆಲಸ ಮುಗಿಯುವುದಿಲ್ಲ.

ಯಂತ್ರದೊಳಗಿನ ದುಡಿಮೆ ಎಷ್ಟೆಂದು ಲೆಕ್ಕ ಹಾಕಿದರೆ ಇದು ತಾನಾಗಿ ತಿಳಿಯುತ್ತದೆ. ಸೆಕೆಂಡಿಗೆ 24 ಚಿತ್ರದ ಹಾಗೆ ಗಂಟೆಗೆ 86,400 ಸಲ ಫಿಲ್ಮನ್ನು ಎಳೆದು ನಿಲ್ಲಿಸಬೇಕು. ಟಾಕೀಸಿನ 35 ಎಂ.ಎಂ. ಯಂತ್ರದಲ್ಲಿ ಇಂಟರ್‌ಮಿಟೆಂಟ್‌ನ, ಅಂದರೆ ಫಿಲ್ಮನ್ನು ತಡೆತಡೆದು ಎಳೆಯುವ ಭಾಗದ, ಕ್ಯಾಮ್ ನಿಮಿಷಕ್ಕೆ 1440 ಸುತ್ತು ತಿರುಗುತ್ತದೆ. ನಾಲ್ಕು ಸೀಳಿನ ಮಾಲ್ಟೀಸ್ ಕ್ರಾಸ್ ಎಂಬ ಚಕ್ರ ಆ ಪ್ರತಿ ಸುತ್ತಿನ ಕಾಲು ಭಾಗದಲ್ಲಿ, ಅಂದರೆ ಸೆಕೆಂಡಿನ 96ನೇ ಒಂದು ಪಾಲಿನಲ್ಲಿ, 19 ಮಿಲಿಮೀಟರ್ ಫಿಲ್ಮನ್ನು ಕೆಳಗೆ ಎಳೆದು ಗಕ್ಕನೆ ನಿಲ್ಲುತ್ತದೆ. ಅದೇ ಯಂತ್ರದ ರೀಲಿನ ತೋಳು ಮಾತ್ರ ಎತ್ತಿನ ಗಾಣದಷ್ಟು ನಿಧಾನ. ಈ ಎರಡಕ್ಕೂ ಒಂದೇ ಎಣ್ಣೆ ಸಲ್ಲುವುದಿಲ್ಲ.

ಮೊದಲು ಹಳೆಯದನ್ನು ತೆಗೆಯಿರಿ

ಹಳೆ ಎಣ್ಣೆಯ ಮೇಲೆ ಹೊಸ ಎಣ್ಣೆ ಬಿಡಬೇಡಿ. ಮೂವತ್ತು ನಲವತ್ತು ವರ್ಷ ಕೂತ ಎಣ್ಣೆ ಗಾಳಿಯೊಂದಿಗೆ ಬೆರೆತು ಬೆಲ್ಲದ ಪಾಕದ ಹಾಗೆ ಅಂಟಾಗಿರುತ್ತದೆ. ಗ್ರೀಸು ಕಂದು ಮೇಣವಾಗಿರುತ್ತದೆ. ಹೊಸ ಎಣ್ಣೆ ಅದನ್ನು ಅರೆಬರೆ ಕರಗಿಸಿ, ಒಳಗಿದ್ದ ಧೂಳು ಮತ್ತು ಲೋಹದ ಪುಡಿಯನ್ನು ಬುಷ್‌ನೊಳಗೆ, ಅಂದರೆ ಶಾಫ್ಟು ತಿರುಗುವ ಲೋಹದ ಬಳೆಯೊಳಗೆ, ಒಯ್ಯುತ್ತದೆ. ಹಿತ್ತಾಳೆ ಮೇಲಿನ ಗ್ರೀಸು ಹಸಿರಾಗಿದ್ದರೆ ಗಾಬರಿ ಬೇಡ. ಹಳೆ ಗ್ರೀಸಿನ ಆಮ್ಲ ತಾಮ್ರದೊಂದಿಗೆ ಸೇರಿ ಹಾಗಾಗಿರುತ್ತದೆ, ಒರೆಸಿದರೆ ಹೋಗುತ್ತದೆ.

ಪ್ಲಗ್ ಕಿತ್ತು ಪಕ್ಕಕ್ಕಿಡಿ. ಮೋಟಾರು ಹಾಕಿ ನೋಡುವ ಆಸೆ ತಡೆದುಕೊಂಡು, ಕೈಯಿಂದ ತಿರುಗಿಸುವ ಗುಬುಟನ್ನು ಮೆಲ್ಲಗೆ ತಿರುಗಿಸಿ. ಬಿಗಿಯಾಗಿದ್ದರೆ ಬಲ ಹಾಕಬೇಡಿ, ಫೈಬರ್ ಅಥವಾ ನೈಲಾನ್ ಗೇರಿನ ಹಲ್ಲು ಮುರಿಯುವುದು ಇಲ್ಲಿಯೇ. ತಲೆಗೂದಲು ಒಣಗಿಸುವ ಡ್ರೈಯರ್‌ನಿಂದ ಆ ಜಾಗವನ್ನು 50ರಿಂದ 60 ಡಿಗ್ರಿಯಷ್ಟು, ಅಂದರೆ ಕೈ ಇಟ್ಟರೆ ಚುರುಕ್ ಅನ್ನುವಷ್ಟು ಬಿಸಿ ಮಾಡಿ. ಮೇಣವಾದ ಗ್ರೀಸು ಮೆತ್ತಗಾಗಿ ಶಾಫ್ಟು ಬಿಟ್ಟುಕೊಳ್ಳುತ್ತದೆ. ಆಮೇಲೆ ಬಿಚ್ಚಿ ತೊಳೆಯಿರಿ.

ಲೋಹದ ಗೇರು, ಶಾಫ್ಟುಗಳಿಗೆ ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್ ಒಳ್ಳೆಯದು. ತೊಳೆದ ಮೇಲೆ ಶೇಕಡಾ 99ರ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿದರೆ ಜಿಡ್ಡು ಉಳಿಯುವುದಿಲ್ಲ. ಚಿಮಣಿ ಎಣ್ಣೆ ಕೊಳೆ ಬಿಡಿಸುತ್ತದೆ, ಆದರೆ ತನ್ನದೇ ಪಸೆ ಉಳಿಸಿ ಹೋಗುತ್ತದೆ. ಪೆಟ್ರೋಲ್ ಬೇಡವೇ ಬೇಡ, ಮುಚ್ಚಿದ ಕೋಣೆಯಲ್ಲಿ ಅದರ ಆವಿಗೆ ಒಂದು ಕಿಡಿ ಸಾಕು. ಬಣ್ಣದಂಗಡಿಯ ಥಿನ್ನರ್ ಯಂತ್ರದ ಮೈಬಣ್ಣವನ್ನೂ ಪ್ಲಾಸ್ಟಿಕ್ ಬಿಡಿಭಾಗಗಳನ್ನೂ ತಿನ್ನುತ್ತದೆ. ಆಲ್ಕೊಹಾಲ್ ಬಳಸುವಾಗಲೂ ಹಳೆ ಮೋಟಾರಿನ ವೈಂಡಿಂಗ್‌ನಿಂದ ದೂರ ಇರಿ, ಅದರ ಮೇಲೆ ಅರಗಿನ ಲೇಪ ಇದ್ದರೆ ಕರಗಿ ಬರುತ್ತದೆ. ಹಳೆ ಲ್ಯಾಂಪ್‌ಹೌಸಿನ (ದೀಪದ ಗೂಡಿನ) ತಂತಿಗೆ ಬಿಳಿ ನಾರಿನ ಹೊದಿಕೆ ಇದ್ದರೆ ಅದು ಆಸ್‌ಬೆಸ್ಟಾಸ್ ಇರಬಹುದು. ಉಜ್ಜಬೇಡಿ, ಊದಬೇಡಿ.

ಒರೆಸಲು ಕಾಟನ್ ವೇಸ್ಟ್ ಬಳಸುವುದು ನಮ್ಮ ವರ್ಕ್‌ಶಾಪುಗಳ ರೂಢಿ. ಪ್ರೊಜೆಕ್ಟರ್‌ಗೆ ಅದು ಶತ್ರು. ಅದರ ಎಳೆ ಗೇರಿಗೆ ಸುತ್ತಿಕೊಂಡು ಎಣ್ಣೆ ಕುಡಿದು ಕಂಬಳಿಯಾಗುತ್ತದೆ. ಹತ್ತಾರು ಸಲ ಒಗೆದ ಧೋತರದ ಅರಿವೆ ಎಲ್ಲಕ್ಕಿಂತ ಮೇಲು.

ಡಬ್ಬಿಯ ಮೇಲಿನ ಅಂಕಿ

ಕೈಗಾರಿಕೆಯ ಎಣ್ಣೆ ಡಬ್ಬಿಯ ಮೇಲೆ ಐ.ಎಸ್.ಒ. ವಿ.ಜಿ. ಎಂದು ಬರೆದು ಪಕ್ಕದಲ್ಲಿ 10, 22, 32, 68, 100 ಹೀಗೆ ಒಂದು ಅಂಕಿ ಇರುತ್ತದೆ. 40 ಡಿಗ್ರಿ ಶಾಖದಲ್ಲಿ ಆ ಎಣ್ಣೆ ಎಷ್ಟು ದಪ್ಪ ಎಂಬುದರ ಅಳತೆ ಅದು, ಸೆಂಟಿಸ್ಟೋಕ್ಸ್ ಲೆಕ್ಕದಲ್ಲಿ. ಹಳೆ ಯಂತ್ರಗಳ ಕೈಪಿಡಿಯಲ್ಲಿ ಎಸ್.ಎ.ಇ. ಎಂಬ ಇನ್ನೊಂದು ಅಳತೆಯಲ್ಲಿ 20 ಎಂದಿದ್ದರೆ ಹೆಚ್ಚೂಕಡಿಮೆ ವಿ.ಜಿ. 68, ಎಸ್.ಎ.ಇ. 30 ಎಂದಿದ್ದರೆ ವಿ.ಜಿ. 100 ಎಂದು ತಿಳಿಯಿರಿ.

ಹವೆಯ ಮಾತನ್ನೂ ಇಲ್ಲಿ ಸೇರಿಸಬೇಕು. ವಿ.ಜಿ. 68ರ ಸಾಮಾನ್ಯ ಖನಿಜ ಎಣ್ಣೆ 20 ಡಿಗ್ರಿಯಲ್ಲಿ ಸುಮಾರು 220 ಸೆಂಟಿಸ್ಟೋಕ್ಸ್ ದಪ್ಪ, 60 ಡಿಗ್ರಿಯಲ್ಲಿ 30ರ ಆಸುಪಾಸು. ಧಾರವಾಡದ ಡಿಸೆಂಬರ್ ಮುಂಜಾನೆ ತಣ್ಣಗೆ ಕೂತ ಯಂತ್ರವನ್ನು ಸ್ವಿಚ್ ಹಾಕಿದೊಡನೆ ಪೂರ್ಣ ವೇಗಕ್ಕೆ ಒಯ್ಯುವುದೂ, ಗದಗದ ಏಪ್ರಿಲ್ ಮಧ್ಯಾಹ್ನ ತಗಡಿನ ಚಾವಣಿಯ ಕ್ಯಾಬಿನ್‌ನಲ್ಲಿ ಓಡಿಸುವುದೂ ಎಣ್ಣೆಯ ಪಾಲಿಗೆ ಒಂದೇ ಅಲ್ಲ. ಚಳಿಯಲ್ಲಿ ಕೈಯಿಂದ ಇಪ್ಪತ್ತು ಸುತ್ತು ತಿರುಗಿಸಿ, ದೀಪ ಹಚ್ಚದೆ ಐದು ನಿಮಿಷ ಓಡಿಸಿ, ಆಮೇಲೆ ಫಿಲ್ಮು ಹಾಕಿ. ಬೇಸಿಗೆಗೆಂದು ಎಣ್ಣೆ ಬದಲಿಸುವ ಅಗತ್ಯ ಇಲ್ಲ. ಆದರೆ ತೆಳು ಎಣ್ಣೆ ಬಿಟ್ಟ ಜಾಗಗಳು ಬೇಗ ಒಣಗುತ್ತವೆ, ಅವನ್ನು ನೋಡುತ್ತಿರಬೇಕು.

ಕೊಳ್ಳಬೇಕಾದದ್ದು ಇಷ್ಟು: ವಿ.ಜಿ. 10 ಅಥವಾ 12ರ ಸ್ಪಿಂಡಲ್ ಆಯಿಲ್ ಸ್ವಲ್ಪ, ವಿ.ಜಿ. 22 ಅಥವಾ 32ರ ಎಣ್ಣೆ ಸ್ವಲ್ಪ, ವಿ.ಜಿ. 68ರ ಟರ್ಬೈನ್ ಆಯಿಲ್ ಒಂದು ಲೀಟರ್, ಲಿಥಿಯಂ ಗ್ರೀಸ್ ಒಂದು ಚಿಕ್ಕ ಡಬ್ಬಿ, ಪ್ಲಾಸ್ಟಿಕ್ಕಿಗೆ ನಡೆಯುವ ಸಿಂಥೆಟಿಕ್ ಗ್ರೀಸ್ ಒಂದು ಟ್ಯೂಬ್. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಸುತ್ತ ಬೇರಿಂಗ್, ಎಣ್ಣೆ ಮಾರುವ ಅಂಗಡಿಗಳಲ್ಲಿ ಕೇಳಿ. ಸ್ಪಿಂಡಲ್ ಆಯಿಲ್ ಎಂದರೆ ನೂಲಿನ ಮತ್ತು ಮಗ್ಗದ ಕೆಲಸದವರಿಗೆ ಗೊತ್ತು, ಗದಗ-ಬೆಟಗೇರಿಯಲ್ಲಿ ಈ ಹೆಸರು ಹೊಸದಲ್ಲ. ಟರ್ಬೈನ್ ಆಯಿಲ್ ಸಿಗದಿದ್ದರೆ ವಿ.ಜಿ. 68ರ ಹೈಡ್ರಾಲಿಕ್ ಆಯಿಲ್ ನಡೆಯುತ್ತದೆ, ಟ್ರ್ಯಾಕ್ಟರ್, ಜೆ.ಸಿ.ಬಿ. ಬಿಡಿಭಾಗದ ಅಂಗಡಿಯಲ್ಲೂ ಇರುತ್ತದೆ. ಮೊಹರಿನ ಡಬ್ಬಿಯನ್ನೇ ಕೊಳ್ಳಿ. ಬ್ಯಾರಲ್‌ನಿಂದ ಬಾಟಲಿಗೆ ಬಗ್ಗಿಸಿ ಕೊಡುವ ಎಣ್ಣೆ ಹೊಸದೋ, ಯಾವುದೋ ಯಂತ್ರದಿಂದ ಇಳಿಸಿ ಸೋಸಿದ್ದೋ ಬಣ್ಣ ನೋಡಿ ಹೇಳಲು ಬರುವುದಿಲ್ಲ.

ಬಳಸಬಾರದ ಎಣ್ಣೆಗಳು

ಬೈಕಿನ 20ಡಬ್ಲ್ಯೂ-40 ಎಂಜಿನ್ ಆಯಿಲ್ ಒಳ್ಳೆಯ ಎಣ್ಣೆಯೇ, ಎಂಜಿನ್ನಿಗೆ. ಅದರಲ್ಲಿ ಕೊಳೆಯನ್ನು ತೇಲಿಸಿ ಇಡುವ ಡಿಟರ್ಜೆಂಟ್ ಇರುತ್ತದೆ. ತೇಲುವ ಕೊಳೆಯನ್ನು ಹಿಡಿಯಲು ಎಂಜಿನ್ನಿನಲ್ಲಿ ಫಿಲ್ಟರ್ ಇದೆ. ಪ್ರೊಜೆಕ್ಟರಿನ ಎಣ್ಣೆ ಡಬ್ಬಿಯಲ್ಲಿ ಸಾಮಾನ್ಯವಾಗಿ ಫಿಲ್ಟರ್ ಇಲ್ಲ, ಕೊಳೆ ತಳದಲ್ಲಿ ಕೂರಲಿ ಎಂದೇ ಅದನ್ನು ಕಟ್ಟಿರುತ್ತಾರೆ. ಡಿಟರ್ಜೆಂಟ್ ಎಣ್ಣೆ ಹಾಕಿದರೆ ಸವೆದ ಉಕ್ಕಿನ ಪುಡಿ ತಳಕ್ಕಿಳಿಯದೆ ಮತ್ತೆ ಮತ್ತೆ ಕ್ಯಾಮಿನ ಮೈಮೇಲೇ ಸುತ್ತುತ್ತದೆ. ಗೇರ್‌ಬಾಕ್ಸಿನ 90 ನಂಬರಿನ ಇ.ಪಿ. (ಹೆಚ್ಚು ಒತ್ತಡ ತಾಳುವ) ಎಣ್ಣೆಯೂ ಬೇಡ. ಅದರ ಗಂಧಕ ಹಿತ್ತಾಳೆ, ಕಂಚಿನ ಬುಷ್‌ಗಳನ್ನು ಕಪ್ಪಾಗಿಸಿ ತಿನ್ನಬಲ್ಲದು.

ತುಕ್ಕು ಬಿಡಿಸುವ ಸ್ಪ್ರೇ ಡಬ್ಬಿ ಇಂದು ಎಲ್ಲರ ಮನೆಯಲ್ಲೂ ಇದೆ. ಬಿಗಿದ ತಿರುಪು ಬಿಡಿಸಲು ಬಳಸಿ, ಅಷ್ಟೇ. ಅದರಲ್ಲಿ ಬಹುಪಾಲು ದ್ರಾವಕ. ಬುಷ್‌ನೊಳಗಿನ ಒಳ್ಳೆ ಎಣ್ಣೆಯನ್ನು ತೊಳೆದು ತಾನೂ ಆರಿ ಹೋಗುತ್ತದೆ. ಸಿಲಿಕೋನ್ ಸ್ಪ್ರೇ ಇನ್ನೊಂದು ಬಗೆಯ ಕಾಟ. ಅದು ಬಿಟ್ಟ ಕಡೆ ನಿಲ್ಲದೆ ಹರಿದಾಡಿ ಲೆನ್ಸಿಗೂ ಫಿಲ್ಮಿಗೂ ತಲುಪುತ್ತದೆ, ತಲುಪಿದ ಕಡೆ ಫಿಲ್ಮು ಜೋಡಿಸುವ ಸ್ಪ್ಲೈಸಿಂಗ್ ಟೇಪು ಹಿಡಿಯುವುದಿಲ್ಲ.

ಅಡುಗೆ ಮನೆಯ ಎಣ್ಣೆ ಬಿಟ್ಟ ಯಂತ್ರಗಳೂ ನಮ್ಮ ಕಡೆ ಸಿಗುತ್ತವೆ. ಅದರಲ್ಲಿ ಕುಸುಬಿ ಎಣ್ಣೆ ಎಲ್ಲಕ್ಕಿಂತ ಕೆಟ್ಟದ್ದು. ಅದು ಗಾಳಿಗೆ ಒಣಗಿ ಪದರ ಕಟ್ಟುವ ಜಾತಿಯ ಎಣ್ಣೆ, ಬಣ್ಣ ವಾರ್ನಿಶ್ ಮಾಡಲು ಬಳಸುವುದು ಅದೇ ಗುಣಕ್ಕೆ. ಬುಷ್‌ನೊಳಗೆ ವಾರ್ನಿಶ್ ಆಗಿ ಕೂತರೆ ಶಾಫ್ಟನ್ನು ಬಡಿದೇ ತೆಗೆಯಬೇಕು. ಶೇಂಗಾ ಎಣ್ಣೆ ಅಷ್ಟು ಬೇಗ ಒಣಗದಿದ್ದರೂ ಅಂಟಾಗುವುದು ತಪ್ಪದು. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಅಂದರೆ ಧಾರವಾಡದಲ್ಲಿ ಚಳಿಗಾಲದ ಪ್ರತಿ ರಾತ್ರಿ. ಔಡಲೆಣ್ಣೆ ಒಣಗುವುದಿಲ್ಲ, ನಿಜ. ಆದರೆ ವಿಪರೀತ ದಪ್ಪ, ವರ್ಷಗಳ ಮೇಲೆ ಅದೂ ಗೋಂದೇ.

ಹನಿಯ ಅಳತೆ

ಉದ್ದ ಮೂತಿಯ ಎಣ್ಣೆ ಡಬ್ಬಿ ಒಂದು ಒತ್ತಿಗೆ ಎಷ್ಟು ಬಿಡುತ್ತದೆಂದು ಹೇಳಲಾಗದು. ಔಷಧಿ ಅಂಗಡಿಯಲ್ಲಿ 2 ಮಿಲಿಲೀಟರ್ ಸಿರಿಂಜು, 20ರಿಂದ 22 ಗೇಜಿನ ಸೂಜಿ ಕೊಳ್ಳಿ. ಸೂಜಿಯ ಚೂಪು ತುದಿಯನ್ನು ಸಾಣೆಕಲ್ಲಿಗೆ ಉಜ್ಜಿ ಮೊಂಡು ಮಾಡಿ, ಇಲ್ಲವಾದರೆ ಯಂತ್ರದೊಳಗಿನ ಫೆಲ್ಟನ್ನು (ಎಣ್ಣೆ ಹೀರುವ ಉಣ್ಣೆಯ ಮೆತ್ತೆಯನ್ನು) ಹರಿಯುತ್ತದೆ, ಬೆರಳನ್ನೂ. ಇನ್ಸುಲಿನ್ ಸಿರಿಂಜಿನ ಸೂಜಿ ಬಹಳ ಸಣ್ಣದು, ವಿ.ಜಿ. 68 ಅದರಲ್ಲಿ ಇಳಿಯುವುದಿಲ್ಲ. ಒಂದು 16 ಎಂ.ಎಂ. ಯಂತ್ರದ ಎಲ್ಲ ಜಾಗಕ್ಕೂ ಸೇರಿ ಒಂದು ಮಿಲಿಲೀಟರ್ ಸಾಮಾನ್ಯವಾಗಿ ಸಾಕು. ಮೂರು ದಪ್ಪಕ್ಕೆ ಮೂರು ಸಿರಿಂಜು ಇಟ್ಟು, ಒಂದೊಂದರ ಮೇಲೆ ಅಂಕಿ ಬರೆದ ಪಟ್ಟಿ ಅಂಟಿಸಿ.

ಬಿಟ್ಟ ಮೇಲೆ ಒಂದು ನಿಮಿಷ ಕಾದು, ಕೈಯಿಂದ ಯಂತ್ರ ತಿರುಗಿಸಿ, ಅಂಚಿಗೆ ಉಕ್ಕಿದ್ದನ್ನು ಅರಿವೆಯ ಮೂಲೆಯಿಂದ ಒತ್ತಿ ತೆಗೆಯಿರಿ. ಈ ಕೊನೆಯ ಹೆಜ್ಜೆಯನ್ನೇ ಜನ ಬಿಡುವುದು.

16 ಎಂ.ಎಂ. ಯಂತ್ರ

ಹಲವು ಯಂತ್ರಗಳಲ್ಲಿ ಎಣ್ಣೆಯ ತೂತಿನ ಸುತ್ತ ಕೆಂಪು ಬಣ್ಣ ಹಚ್ಚಿರುತ್ತಾರೆ. ಮೊದಲು ಅವನ್ನೆಲ್ಲ ಹುಡುಕಿ, ತೂತಿನಲ್ಲಿ ಧೂಳಿನ ಬಿರಡೆ ಇದ್ದರೆ ಸೂಜಿಯಿಂದ ಹೊರಕ್ಕೆ ತೆಗೆಯಿರಿ. ಒಳಕ್ಕೆ ತಳ್ಳಬೇಡಿ.

ಯಂತ್ರದ ಹೃದಯ ಕ್ಲಾ, ಅಂದರೆ ಫಿಲ್ಮಿನ ತೂತಿಗೆ ಹಲ್ಲು ಹಾಕಿ ಎಳೆಯುವ ಕೈ, ಮತ್ತು ಅದನ್ನು ಆಡಿಸುವ ಕ್ಯಾಮ್. ಬೆಲ್ ಅಂಡ್ ಹಾವೆಲ್ ಯಂತ್ರಗಳಲ್ಲಿ ಈ ಕ್ಯಾಮಿಗೆ ಒರಗಿದ ಹಾಗೆ ಫೆಲ್ಟಿನ ತುಂಡುಗಳಿರುತ್ತವೆ. ಫೆಲ್ಟು ಎಣ್ಣೆ ಹೀರಿಕೊಂಡು ಸ್ವಲ್ಪ ಸ್ವಲ್ಪವೇ ಕ್ಯಾಮಿಗೆ ಸವರುತ್ತದೆ. ವರ್ಷಗಟ್ಟಲೆ ಕೂತ ಫೆಲ್ಟು ಒಣಗಿ ಚಕ್ಕಳವಾಗಿರುತ್ತದೆ, ಅದರ ಮೇಲೆ ಬಿಟ್ಟ ಎಣ್ಣೆ ಒಳಗಿಳಿಯದೆ ಜಾರಿ ಫಿಲ್ಮಿನ ಕಡೆ ಹರಿಯುತ್ತದೆ. ಅಂಥ ಫೆಲ್ಟನ್ನು ಕಳಚಿ ಟರ್ಪೆಂಟೈನ್‌ನಲ್ಲಿ ಹಿಸುಕಿ ತೊಳೆದು, ಪೂರ್ತಿ ಒಣಗಿಸಿ, ವಿ.ಜಿ. 68ರಲ್ಲಿ ರಾತ್ರಿಯಿಡೀ ನೆನೆಹಾಕಿ, ಹನಿ ತೊಟ್ಟಿಕ್ಕದ ಹಾಗೆ ಎರಡು ಬೆರಳಲ್ಲಿ ಹಿಂಡಿ ಕೂರಿಸಿ. ಆಮೇಲೆ ಹತ್ತು ಗಂಟೆ ಓಟಕ್ಕೊಮ್ಮೆ ಎರಡೋ ಮೂರೋ ಹನಿ ಸಾಕು. ಫೆಲ್ಟು ಒಣಗಿದ ಯಂತ್ರ ಮೊದಲು ಸದ್ದಿನಿಂದ ಹೇಳುತ್ತದೆ: ಹದವಾದ ಪಟಪಟ ಹೋಗಿ ಕಟಕಟ ಎಂಬ ಗಡಸು ದನಿ ಬರುತ್ತದೆ. ಇದನ್ನು ಕೇಳಿಯೂ ಓಡಿಸಿದರೆ ಕ್ಯಾಮಿನ ಅಂಚು ಸವೆದು ಚಿತ್ರ ಮೇಲೆ ಕೆಳಗೆ ನಡುಗತೊಡಗುತ್ತದೆ. ಆ ಸವೆತಕ್ಕೆ ಎಣ್ಣೆಯಲ್ಲಿ ಮದ್ದಿಲ್ಲ.

ಅದೇ ಕಂಪನಿಯ ಹಲವು ಯಂತ್ರಗಳಲ್ಲಿ ಪ್ಲಾಸ್ಟಿಕ್ಕಿನ ವರ್ಮ್ ಗೇರು ಉಕ್ಕಿನ ಶಾಫ್ಟಿನ ಮೇಲೆ ಬಿಗಿಯಾಗಿ ಕೂತಿರುತ್ತದೆ. ವರ್ಷ ಕಳೆದಂತೆ ಅದು ಕುಗ್ಗಿ ಉದ್ದಕ್ಕೆ ಸೀಳು ಬಿಡುತ್ತದೆ. ಎಣ್ಣೆ ಹಾಕಿ ಸರಿಯಾಗುವ ರೋಗ ಇದಲ್ಲ. ಟಾರ್ಚ್ ಹಾಕಿ ಕೂದಲೆಳೆಯಂಥ ಗೆರೆ ಹುಡುಕಿ, ಕಂಡರೆ ಮೋಟಾರು ಹಾಕಬೇಡಿ. ಗೇರು ಬದಲಿಸುವ ತನಕ ಆ ಯಂತ್ರ ನೋಡಲು ಮಾತ್ರ.

ಸ್ಪ್ರಾಕೆಟ್ (ಫಿಲ್ಮನ್ನು ಸಾಗಿಸುವ ಹಲ್ಲುಚಕ್ರ) ಶಾಫ್ಟುಗಳಿಗೆ ವಿ.ಜಿ. 32ರ ಒಂದೊಂದು ಹನಿ. ರೀಲಿನ ತೋಳಿನ ಬುಷ್‌ಗೆ ವಿ.ಜಿ. 68 ಒಂದು ಹನಿ, ಆದರೆ ಅದರ ಪಕ್ಕದ ಟೇಕಪ್ ಕ್ಲಚ್‌ಗೆ ಸೋಂಕಬಾರದು. ಫೆಲ್ಟೋ ಕಾರ್ಕೋ ಇರುವ ಆ ಬಿಲ್ಲೆ ಉಜ್ಜುತ್ತ ಜಾರುತ್ತಲೇ ಫಿಲ್ಮನ್ನು ಸುತ್ತಬೇಕು. ಎಣ್ಣೆ ಬಿದ್ದರೆ ರೀಲು ತಿರುಗದೆ ಫಿಲ್ಮು ನೆಲಕ್ಕೆ ಸುರಿಯುತ್ತದೆ. ಮೋಟಾರಿನ ಎರಡು ತುದಿಯ ಬುಷ್‌ಗೆ 50 ಗಂಟೆಗೊಮ್ಮೆ ಎರಡು ಹನಿ ವಿ.ಜಿ. 32. ಕಾರ್ಬನ್ ಬ್ರಷ್ ಇರುವ ಮೋಟಾರಾದರೆ ಆ ಬದಿಗೆ ಒಂದೇ ಹನಿ. ಆ ಬ್ರಷ್ ಉಜ್ಜುವ ತಾಮ್ರದ ಉರುಳೆಯಾದ ಕಮ್ಯುಟೇಟರ್ ಮೇಲೆ ಎಣ್ಣೆ ಹೋದರೆ ಕಾರ್ಬನ್ ಪುಡಿಯೊಂದಿಗೆ ಕಲಸಿ ಕಾಡಿಗೆಯಾಗುತ್ತದೆ, ಕಿಡಿ ಹಾರುತ್ತದೆ, ವೇಗ ಏರುಪೇರಾಗುತ್ತದೆ. ಎರಡೂ ಬದಿ ತಗಡು ಅಥವಾ ರಬ್ಬರು ಮುಚ್ಚಿದ ಬಾಲ್ ಬೇರಿಂಗ್ ಇದ್ದರೆ ಎಣ್ಣೆ ಬಿಡುವ ಗೋಜೇ ಬೇಡ, ಸದ್ದು ಮಾಡಿದರೆ ಅದೇ ನಂಬರಿನದು ತಂದು ಹಾಕಿ.

ಸೌಂಡ್ ಡ್ರಮ್ಮಿನ (ಫಿಲ್ಮಿನ ದನಿ ಓದುವ ಜಾಗದ ಉರುಳೆಯ) ಶಾಫ್ಟಿಗೆ ಮಾತ್ರ ಎಲ್ಲಕ್ಕಿಂತ ತೆಳು ಎಣ್ಣೆ, ವಿ.ಜಿ. 10 ಅಥವಾ 12, ಸೂಜಿ ತುದಿಯ ಅರ್ಧ ಹನಿ. ಇಲ್ಲಿ ದಪ್ಪ ಎಣ್ಣೆಯೋ ಗ್ರೀಸೋ ಕೂತರೆ ಡ್ರಮ್ ಒಂದೇ ಸಮ ತಿರುಗದೆ, ಎಳೆದು ಹಾಡಿದ ಆಲಾಪ ಅಲುಗಾಡುತ್ತದೆ. ಕಿರಾಣಾ ಘರಾಣೆಯ ನಾಡಿನಲ್ಲಿ ಅದನ್ನು ಯಾರೂ ಕ್ಷಮಿಸುವುದಿಲ್ಲ. ಬೆಲ್ಟು ತೆಗೆದು ಫ್ಲೈವ್ಹೀಲನ್ನು ಬೆರಳಿಂದ ತಿರುಗಿಸಿ ಬಿಟ್ಟರೆ ಅದು ತಾನಾಗಿ ಬಹಳ ಹೊತ್ತು ತಿರುಗಿ ಮೆಲ್ಲನೆ ನಿಲ್ಲಬೇಕು. ತಟ್ಟನೆ ನಿಂತರೆ ಹಳೆ ಎಣ್ಣೆ ಇನ್ನೂ ಉಳಿದಿದೆ ಎಂದರ್ಥ. ಆರ್.ಸಿ.ಎ. ಮಾದರಿಯ ರೋಟರಿ ಸ್ಟೆಬಿಲೈಸರ್ ಇದ್ದರೆ ಅದರ ಚಿಪ್ಪಿನೊಳಗೆ ಅದರದ್ದೇ ದ್ರವ ಇರುತ್ತದೆ, ಸೋರದಿದ್ದರೆ ಬಿಚ್ಚಬೇಡಿ.

ಕಡೆಯದಾಗಿ ಬೆಂಕಿ ತಡೆಯುವ ಶಟರ್. ಯಂತ್ರ ನಿಂತಾಗ ಅಥವಾ ನಿಧಾನವಾದಾಗ ದೀಪಕ್ಕೂ ಫಿಲ್ಮಿಗೂ ನಡುವೆ ಇದು ತಾನಾಗಿ ಬೀಳಬೇಕು. ಇದರ ಕೀಲಿನಲ್ಲಿ ಹಳೆ ಎಣ್ಣೆ ಅಂಟಾಗಿದ್ದರೆ ಬೀಳುವುದಿಲ್ಲ, ನಿಂತ ಫಿಲ್ಮಿನ ಒಂದು ಚಿತ್ರ ನೋಡನೋಡುತ್ತ ಗುಳ್ಳೆ ಎದ್ದು ಸುಟ್ಟುಹೋಗುತ್ತದೆ. ಆಲ್ಕೊಹಾಲ್‌ನಲ್ಲಿ ತೊಳೆದು ವಿ.ಜಿ. 10ರ ಒಂದು ಸಣ್ಣ ಹನಿ ಬಿಟ್ಟು, ಬೆರಳಿಂದ ಎತ್ತಿ ಬಿಟ್ಟು ಹತ್ತು ಸಲ ನೋಡಿ.

“ಎಣ್ಣೆ ಬೇಡ” ಎಂದು ಬರೆದ ಯಂತ್ರ

ಕೋಡಕ್ ಪೇಜೆಂಟ್ ಯಂತ್ರಗಳನ್ನು ಮತ್ತೆಂದೂ ಎಣ್ಣೆ ಬೇಡದವು ಎಂಬ ಹೆಗ್ಗಳಿಕೆಯೊಂದಿಗೆ ಮಾರಿದ್ದರು. ಅದು ಸುಳ್ಳಲ್ಲ, ಆದರೆ ಮಾತಿಗೆ ಆಯುಷ್ಯ ಇದೆ. ಕಂಚಿನ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ ಬುಷ್‌ಗಳು ಇಂಥ ಯಂತ್ರಗಳ ಗುಟ್ಟು. ಇಡ್ಲಿಯ ಹಾಗೆ ಅವುಗಳ ಮೈಯೆಲ್ಲ ಸಣ್ಣ ತೂತು, ಗಾತ್ರದ ಸುಮಾರು ಐದನೇ ಒಂದು ಪಾಲು ಎಣ್ಣೆಯನ್ನೇ ಹಿಡಿದಿರುತ್ತವೆ. ಶಾಫ್ಟು ತಿರುಗಿ ಬಿಸಿಯಾದಾಗ ಎಣ್ಣೆ ಬೆವರಿನ ಹಾಗೆ ಹೊರಬರುತ್ತದೆ, ತಣ್ಣಗಾದಾಗ ಒಳಗೆ ಹೋಗುತ್ತದೆ. ಅರವತ್ತು ವರ್ಷದಲ್ಲಿ ಅದು ಒಣಗದೆ ಇರುತ್ತದೆಯೇ?

ಬುಷ್‌ಗೆ ಡ್ರೈಯರ್ ಹಿಡಿದು ಬಿಸಿ ಮಾಡಿ ನೋಡಿ. ಮೈಮೇಲೆ ಎಣ್ಣೆಯ ಹೊಳಪು ಮೂಡಿದರೆ ಇನ್ನೂ ಜೀವ ಇದೆ, ಮುಟ್ಟಬೇಡಿ. ಮೂಡದಿದ್ದರೆ ಬಿಚ್ಚಿ ತುಂಬಬೇಕು. ಸ್ಟೀಲ್ ಬಟ್ಟಲಲ್ಲಿ ಬುಷ್ ಮುಳುಗುವಷ್ಟು ವಿ.ಜಿ. 68 ಹಾಕಿ, ಬಟ್ಟಲನ್ನು ಕುದಿಯುವ ನೀರಿನ ಪಾತ್ರೆಯಲ್ಲಿ ಕೂರಿಸಿ. ಒಂದು ಹನಿ ನೀರೂ ಎಣ್ಣೆಗೆ ಸಿಡಿಯಬಾರದು, ನೇರ ಉರಿಯ ಮೇಲೆ ಎಣ್ಣೆ ಇಡಬಾರದು. ಬುಷ್‌ನಿಂದ ಸಣ್ಣ ಗುಳ್ಳೆ ಏಳತೊಡಗುತ್ತದೆ, ತೂತಿನೊಳಗಿನ ಗಾಳಿ ಅದು. ಒಂದೆರಡು ಗಂಟೆಯಲ್ಲಿ ಗುಳ್ಳೆ ನಿಲ್ಲುತ್ತದೆ. ಬುಷ್‌ನ್ನು ಆಗಲೇ ಎತ್ತದೆ ಎಣ್ಣೆಯಲ್ಲಿಯೇ ತಣ್ಣಗಾಗಲು ಬಿಡಿ. ಒಳಗಿನ ಗಾಳಿ ಕುಗ್ಗುವಾಗಲೇ ಎಣ್ಣೆ ಆಳಕ್ಕೆ ಎಳೆಯಲ್ಪಡುವುದು, ಕೆಲಸದ ಮುಖ್ಯ ಭಾಗ ಈ ತಣಿಯುವಿಕೆ.

ಈ ಜಾತಿಯ ಬುಷ್‌ಗೆ ಗ್ರೀಸು ಹಚ್ಚಿದರೆ ತೂತು ಮುಚ್ಚುತ್ತವೆ. ಬಿಗಿಯಾಯಿತೆಂದು ಲೇತ್ ಅಂಗಡಿಗೆ ಒಯ್ದು ರೀಮರ್ ಹಾಕಿಸಿದರೂ ಮೇಲ್ಮೈ ಕಂಚು ಮೆತ್ತಿಕೊಂಡು ಅದೇ ಗತಿ. ದ್ರಾವಕದಲ್ಲಿ ನೆನೆಸಿದರೆ ಒಳಗಿದ್ದ ಎಣ್ಣೆಯೂ ಹೋಗುತ್ತದೆ, ಹಾಗೆ ಆದರೆ ಮೇಲಿನ ಕ್ರಮದಲ್ಲಿ ಮತ್ತೆ ತುಂಬಲೇಬೇಕು.

35 ಎಂ.ಎಂ.: ಇಂಟರ್‌ಮಿಟೆಂಟ್ ಡಬ್ಬಿ

ಟಾಕೀಸಿನ ಯಂತ್ರ ಫೋಟೋಫೋನ್ ಇರಲಿ, ವೆಸ್ಟ್ರೆಕ್ಸ್ ಇರಲಿ, ಸಿಂಪ್ಲೆಕ್ಸ್ ಇರಲಿ, ಮಾಲ್ಟೀಸ್ ಕ್ರಾಸ್ ಮತ್ತು ಕ್ಯಾಮ್ ಎಣ್ಣೆ ತುಂಬಿದ ಮುಚ್ಚಿದ ಡಬ್ಬಿಯಲ್ಲಿ ದುಡಿಯುತ್ತವೆ. ಯಂತ್ರದ ಪುಸ್ತಕ ಸಿಕ್ಕರೆ ಅದರ ಮಾತೇ ಕಡೆ ಮಾತು. ಸಿಗದಿದ್ದರೆ ವಿ.ಜಿ. 68ರಿಂದ ಆರಂಭಿಸಿ. ಸವೆದು ಸದ್ದು ಮಾಡುವ ಯಂತ್ರಕ್ಕೆ ವಿ.ಜಿ. 100ರ ಏರ್ ಕಂಪ್ರೆಸರ್ ಆಯಿಲ್ ಹಾಕಬಹುದು, ಡಿಟರ್ಜೆಂಟ್ ಇಲ್ಲದ್ದೇ ಎಂದು ಡಬ್ಬಿಯಲ್ಲಿ ಓದಿಕೊಂಡು. ಅದಕ್ಕಿಂತ ದಪ್ಪಕ್ಕೆ ಹೋಗಬೇಡಿ. ನಿಮಿಷಕ್ಕೆ 1440 ಸುತ್ತಿನಲ್ಲಿ ದಪ್ಪ ಎಣ್ಣೆ ಕಡೆದು ಬಿಸಿಯಾಗುತ್ತದೆ, ಮೋಟಾರಿಗೆ ಭಾರ.

ಹಳೆಯದನ್ನು ಇಳಿಸುವ ಮೊದಲು ಯಂತ್ರವನ್ನು ಹತ್ತು ನಿಮಿಷ ಓಡಿಸಿ ಎಣ್ಣೆ ಬೆಚ್ಚಗಾಗಲಿ (ಕೈಯಿಂದ ಸಲೀಸಾಗಿ ತಿರುಗುವ ಯಂತ್ರಕ್ಕೆ ಮಾತ್ರ ಈ ಮಾತು). ಕೆಳಗಿನ ತಿರುಪು ಬಿಚ್ಚಿ ಎಣ್ಣೆಯನ್ನು ಬಿಳಿ ಬಟ್ಟಲಿಗೆ ಹಿಡಿಯಿರಿ, ಅದನ್ನು ನೋಡುವುದೇ ಅರ್ಧ ಪರೀಕ್ಷೆ. ಕಪ್ಪಾಗಿದ್ದರೆ ಬರೀ ಹಳತು. ಹಾಲು ಬೆರೆಸಿದ ಹಾಗಿದ್ದರೆ ನೀರು ಸೇರಿದೆ, ಮಳೆಗಾಲದ ತೇವದಲ್ಲಿ ಕೂತ ಯಂತ್ರಗಳಲ್ಲಿ ಇದು ಕಾಣುತ್ತದೆ, ಒಳಗೆ ತುಕ್ಕು ಹುಡುಕಬೇಕು. ಬೆಳಕಿಗೆ ಹಿಡಿದಾಗ ಮಿನುಗುವ ಕಣಗಳಿದ್ದರೆ ಲೋಹ ಸವೆಯುತ್ತಿದೆ. ಬಟ್ಟಲಿನ ಕೆಳಗೆ ಅಯಸ್ಕಾಂತ ಆಡಿಸಿ: ಹಿಂಬಾಲಿಸಿ ಬಂದರೆ ಉಕ್ಕು, ಬರದಿದ್ದರೆ ಬುಷ್‌ನ ಕಂಚು.

ತೊಳೆಯಲು ಚಿಮಣಿ ಎಣ್ಣೆ ಹಾಕುವುದು ಹಳೆ ರೂಢಿ. ಅದು ಮೂಲೆಗಳಲ್ಲಿ ಉಳಿದು ಹೊಸ ಎಣ್ಣೆಯನ್ನು ತೆಳುವಾಗಿಸುತ್ತದೆ. ಬದಲಿಗೆ ವಿ.ಜಿ. 22 ಹಾಕಿ ಕೈಯಿಂದ ಐವತ್ತು ಸುತ್ತು ತಿರುಗಿಸಿ ಇಳಿಸಿ, ಇನ್ನೊಮ್ಮೆ ಹಾಗೆಯೇ ಮಾಡಿ. ಆಮೇಲೆ ಹೊಸ ಎಣ್ಣೆಯನ್ನು ನಿಧಾನವಾಗಿ ಹಾಕುತ್ತ, ನಡುನಡುವೆ ಕೈಯಿಂದ ತಿರುಗಿಸುತ್ತ, ಗಾಜಿನ ಕಿಟಕಿಯ ಗೆರೆಯ ತನಕ ತುಂಬಿ. ಗೆರೆ ಅಳಿಸಿದ್ದರೆ ಕಿಟಕಿಯ ನಡುಮಟ್ಟ. ಮಟ್ಟ ನೋಡುವುದು ಯಂತ್ರ ನಿಂತು ಐದು ನಿಮಿಷವಾದ ಮೇಲೆ, ಓಡುವಾಗಿನದು ಲೆಕ್ಕಕ್ಕಿಲ್ಲ.

“ಇನ್ನಷ್ಟು ಇರಲಿ” ಎಂದು ಗೆರೆ ಮೀರಿದರೆ ಮರುದಿನ ಸ್ಪ್ರಾಕೆಟ್ ಹಲ್ಲಿನಿಂದ ಎಣ್ಣೆ ಇಳಿಯುತ್ತಿರುತ್ತದೆ. ಹಲವು ಯಂತ್ರಗಳಲ್ಲಿ ಆ ಶಾಫ್ಟಿಗೆ ರಬ್ಬರ್ ಸೀಲು ಇಲ್ಲ. ಶಾಫ್ಟಿನ ಮೇಲೆ ತಿರುಪಿನ ಹಾಗೆ ಕೊರೆದ ಗೆರೆ, ಓಡುವಾಗ ಎಣ್ಣೆಯನ್ನು ಡಬ್ಬಿಯೊಳಕ್ಕೆ ಮರಳಿಸುತ್ತದೆ. ಯಂತ್ರ ನಿಂತಾಗ ಆ ಗೆರೆಗೆ ಕೆಲಸವಿಲ್ಲ, ಮಟ್ಟ ಮೇಲಿದ್ದರೆ ಎಣ್ಣೆ ತನ್ನಷ್ಟಕ್ಕೆ ಹೊರಗೆ ಬರುತ್ತದೆ. ಮಟ್ಟ ಸರಿಯಿದ್ದೂ ಸೋರಿದರೆ ಗ್ಯಾಸ್ಕೆಟ್ ನೋಡಿ, ಅದಾದ ಮೇಲೆ ಬುಷ್.

ಬಿಚ್ಚಿ ಜೋಡಿಸಿದ ಯಂತ್ರಕ್ಕೆ ಮೊದಲ ಎಣ್ಣೆ ಹತ್ತು ಗಂಟೆ ಓಟಕ್ಕೆ ಮಾತ್ರ. ಇಳಿಸಿ ಬಟ್ಟಲಲ್ಲಿ ನೋಡಿ, ಹೊಸದು ತುಂಬಿ. ಕ್ರಾಸ್ ಮತ್ತು ಕ್ಯಾಮಿನ ನಡುವಿನ ಸಡಿಲನ್ನು ಎಕ್ಸೆಂಟ್ರಿಕ್ (ನಡು ತಪ್ಪಿಸಿ ಕೊರೆದ ಬುಷ್) ತಿರುಗಿಸಿ ಕಡಿಮೆ ಮಾಡುವವರು ಒಂದು ಮಾತು ನೆನಪಿಡಿ: ಸದ್ದು ಪೂರ್ತಿ ಹೋಗುವಷ್ಟು ಬಿಗಿದರೆ ಎಣ್ಣೆಯ ಪದರಕ್ಕೆ ಜಾಗವೇ ಇರುವುದಿಲ್ಲ. ಅಂಥ ಯಂತ್ರ ಒಂದು ವಾರ ಮೌನವಾಗಿ ಓಡಿ, ಆಮೇಲೆ ಮೊದಲಿಗಿಂತ ಜೋರಾಗಿ ಕೂಗುತ್ತದೆ.

ಗ್ರೀಸು

ಗ್ರೀಸು ಎಂದರೆ ಎಣ್ಣೆಯನ್ನು ಸೋಪಿನಂಥ ಸ್ಪಂಜಿನಲ್ಲಿ ಹಿಡಿದಿಟ್ಟದ್ದು. ಬಯಲು ಗೇರುಗಳಿಗೆ ಲಿಥಿಯಂ ಗ್ರೀಸ್, ಎನ್.ಎಲ್.ಜಿ.ಐ. 2 ದಪ್ಪದ್ದು. ಹಲ್ಲಿನ ಬುಡದಲ್ಲಿ ತೆಳುವಾಗಿ ಕೂತು ತುದಿ ಬರಿಗಣ್ಣಿಗೆ ಕಾಣುವಷ್ಟು ಇರಲಿ. ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಹಚ್ಚಿದರೆ ಸರಿಯಾಗಿ ಕೂರುತ್ತದೆ. ಬೆರಳಲ್ಲಿ ಮೆತ್ತಿದ್ದು ಮೊದಲ ಸುತ್ತಿನಲ್ಲೇ ಸಿಡಿದು ಶಟರ್ ರೆಕ್ಕೆ ಸೇರುತ್ತದೆ. ತೆರೆದ ಬಾಲ್ ಬೇರಿಂಗ್ ಆದರೆ ಖಾಲಿ ಜಾಗದ ಮೂರನೇ ಒಂದು ಪಾಲು ತುಂಬಿ, ಕಿಕ್ಕಿರಿದು ತುಂಬಿದರೆ ಗ್ರೀಸು ಕಡೆದು ಬಿಸಿಯಾಗುತ್ತದೆ. ನೈಲಾನ್, ಪ್ಲಾಸ್ಟಿಕ್ ಗೇರಿಗೆ ಪಿ.ಎ.ಒ. ಎಂಬ ಕೃತಕ ಎಣ್ಣೆಯಿಂದ ಮಾಡಿದ ಸಿಂಥೆಟಿಕ್ ಗ್ರೀಸ್ ಹಚ್ಚಿ.

ಚಕ್ಕಡಿ, ಟ್ರೇಲರ್‌ಗೆ ಬಳಸುವ ಹಳದಿ ಚಾಸಿ ಗ್ರೀಸು ದೀಪದ ಬಿಸಿಗೆ ಕರಗಿ ಇಳಿಯುತ್ತದೆ. ಎರಡು ಜಾತಿಯ ಗ್ರೀಸು ಬೆರೆಸಬೇಡಿ, ಬೆರೆತಾಗ ಕೆಲವು ಜೋಡಿ ನೀರಾಗುತ್ತವೆ, ಎಣ್ಣೆ ಸೋರಿ ಹೋಗಿ ಬರೀ ಸೋಪು ಉಳಿಯುತ್ತದೆ. ಕಪ್ಪು ಮಾಲಿಬ್ಡಿನಮ್ ಗ್ರೀಸು ಉಕ್ಕಿನ ಗೇರಿಗೆ ಒಳ್ಳೆಯದೇ, ಆದರೆ ಫಿಲ್ಮಿಗೆ ತಗುಲಿದ ಅದರ ಕಲೆ ಬಿಡುವುದಿಲ್ಲ. ಆದ್ದರಿಂದ ಫಿಲ್ಮು ಓಡುವ ಬದಿಗೆ ನಾವು ಅದನ್ನು ತರುವುದಿಲ್ಲ. ಲ್ಯಾಂಪ್‌ಹೌಸಿನ ಸ್ಕ್ರೂ, ಸಲಾಕೆಗಳಿಗೆ ಯಾವ ಎಣ್ಣೆಯೂ ಬೇಡ. ಅಲ್ಲಿನ ಶಾಖಕ್ಕೆ ಎಣ್ಣೆ ಹೊಗೆಯಾಗಿ ಕನ್ನಡಿ, ಲೆನ್ಸಿನ ಮೇಲೆ ಮಸುಕು ಕೂರುತ್ತದೆ. ಒಣ ಗ್ರಾಫೈಟ್ ಪುಡಿ ಸವರಿ. ಗ್ರಾಫೈಟ್‌ನಲ್ಲಿ ವಿದ್ಯುತ್ ಹರಿಯುತ್ತದೆ, ಪೊರ್ಸಿಲಿನ್ ಹಿಡಿಕೆಗಳ ಮೇಲೆ ಉದುರದಂತೆ ನೋಡಿಕೊಳ್ಳಿ.

ಒಣಗಿಯೇ ಇರಬೇಕಾದ ಜಾಗ

ಗೇಟು (ಫಿಲ್ಮು ದೀಪದ ಮುಂದೆ ಹಾಯುವ ಕಿಂಡಿ), ಅದರ ಪಟ್ಟಿಗಳು, ಸ್ಪ್ರಾಕೆಟ್ ಹಲ್ಲು, ರೋಲರುಗಳ ಮೈ, ಸೌಂಡ್ ಡ್ರಮ್ಮಿನ ಮೈ, ಬೆಲ್ಟು, ಕ್ಲಚ್ಚು, ಲೆನ್ಸಿನ ಕೊಳವೆ. ಇಲ್ಲಿ ಎಣ್ಣೆಯ ವಾಸನೆಯೂ ಬೇಡ. ಫಿಲ್ಮಿಗೆ ಎಣ್ಣೆ ಅಂಟಿದರೆ ಪರದೆಯಲ್ಲಿ ನೀರಿನ ಅಲೆಯಂಥ ಮಚ್ಚೆ, ಸೌಂಡ್ ಟ್ರ್ಯಾಕಿಗೆ ಅಂಟಿದರೆ ಮಂಕು ದನಿ ಮತ್ತು ಸಿರಸಿರ. ಆ ಎಣ್ಣೆಗೆ ಧೂಳು ಹಿಡಿದರೆ ಉಳಿದ ಪ್ರತಿ ಓಟವೂ ಉಪ್ಪುಕಾಗದ ಉಜ್ಜಿದ ಹಾಗೆ. ಗೇಟಿನಲ್ಲಿ ಗಟ್ಟಿಯಾದ ಎಮಲ್ಶನ್ (ಫಿಲ್ಮಿನ ಮೇಲೆ ಚಿತ್ರ ಹಿಡಿದ ಪದರ) ಕಂಡರೆ ಸ್ಕ್ರೂಡ್ರೈವರ್ ಹಾಕಬೇಡಿ. ಬಿದಿರಿನ ಸೀಳನ್ನು ಚಪ್ಪಟೆ ಕೊರೆದು, ಒದ್ದೆ ಅರಿವೆಯಿಂದ ಮೆತ್ತಗಾಗಿಸಿ ಕೆರೆಯಿರಿ. ಬೆಲ್ಟು ಎಣ್ಣೆ ಕುಡಿದು ಉಬ್ಬಿದ್ದರೆ ಒರೆಸಿ ಉಪಯೋಗವಿಲ್ಲ, ಹೊಸದೇ ಗತಿ.

ಓಡಿಸಿ ನೋಡುವುದು

ಎಲ್ಲ ಮುಗಿದ ಮೇಲೆ ಯಂತ್ರದ ಕೆಳಗೆ ಬಿಳಿ ಹಾಳೆ ಹಾಸಿ, ಫಿಲ್ಮು ಮತ್ತು ದೀಪ ಇಲ್ಲದೆ ಅರ್ಧ ಗಂಟೆ ಓಡಿಸಿ. ಹಳೆ ಅಮೆರಿಕನ್ ಯಂತ್ರವಾದರೆ 110 ವೋಲ್ಟ್ ಟ್ರಾನ್ಸ್‌ಫಾರ್ಮರ್ ಹಚ್ಚಿದ್ದೀರೋ ನೋಡಿಕೊಂಡು. ಐದು ನಿಮಿಷಕ್ಕೊಮ್ಮೆ ನಿಲ್ಲಿಸಿ ಪ್ರತಿ ಬುಷ್ ಮುಟ್ಟಿ. ಒಂದು ಮಾತ್ರ ಉಳಿದವಕ್ಕಿಂತ ಬಿಸಿ ಇದ್ದರೆ ಅಲ್ಲಿಗೆ ಎಣ್ಣೆ ತಲುಪಿಲ್ಲ, ತೂತು ಕಟ್ಟಿದೆ. ಹಾಳೆಯ ಮೇಲೆ ಬಿದ್ದ ಹನಿಯ ನೇರ ಮೇಲೆ ನೋಡಿದರೆ ಯಾವ ಜಾಗಕ್ಕೆ ಹೆಚ್ಚಾಗಿದೆ ಎಂದು ತಿಳಿಯುತ್ತದೆ. ಆಮೇಲೆ ಬೇಡವಾದ ಫಿಲ್ಮು ಲೀಡರಿನ (ರೀಲಿನ ಮೊದಲಿಗೆ ಇರುವ ಚಿತ್ರವಿಲ್ಲದ ಪಟ್ಟಿಯ) ಎರಡು ತುದಿ ಅಂಟಿಸಿ ಬಳೆ ಮಾಡಿ ಹತ್ತು ನಿಮಿಷ ಓಡಿಸಿ, ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿಯಿರಿ. ಕಾಮನಬಿಲ್ಲಿನ ಬಣ್ಣ ಕಂಡರೆ ಎಣ್ಣೆ ತಗುಲಿದೆ. ಅದು ಹೋಗುವ ತನಕ ಬೆಲೆಬಾಳುವ ಪ್ರಿಂಟ್ ಹಾಕಬೇಡಿ.

ನಮ್ಮ ಸೀಮೆಯ ಎರೆ ಮಣ್ಣಿನ ಧೂಳು ಹಿಟ್ಟಿನಷ್ಟು ನುಣುಪು, ಹತ್ತಿಯ ಹಂಗಾಮಿನಲ್ಲಿ ಜಿನ್ನಿನ ಸುತ್ತ ಅದರೊಂದಿಗೆ ಅರಳೆಯ ಎಳೆಯೂ ಹಾರುತ್ತದೆ. ಬ್ಯಾಡಗಿಯ ಪೇಟೆ ಬೀದಿಯಲ್ಲಾದರೆ ಮೆಣಸಿನಕಾಯಿ ಧೂಳು ಬೇರೆ. ಬಯಲು ಗೇರಿನ ಗ್ರೀಸು ಇದನ್ನೆಲ್ಲ ಹಿಡಿದು ಅರೆಯುವ ಕಲ್ಲಾಗುತ್ತದೆ. ಪುಸ್ತಕದಲ್ಲಿ ವರ್ಷಕ್ಕೊಮ್ಮೆ ಗ್ರೀಸು ಬದಲಿಸಿ ಎಂದಿದ್ದರೆ ಇಲ್ಲಿ ಸುಗ್ಗಿ ಮುಗಿದ ಮೇಲೊಮ್ಮೆ, ಮಳೆಗಾಲಕ್ಕೆ ಮೊದಲೊಮ್ಮೆ ನೋಡಿ. ಯಂತ್ರವನ್ನು ಪ್ಲಾಸ್ಟಿಕ್ ಹೊದಿಸಿ ಕಟ್ಟಬೇಡಿ, ಒಳಗೆ ತೇವ ಕೂತು ಬೆವರುತ್ತದೆ. ದಪ್ಪ ಹತ್ತಿ ಬಟ್ಟೆ ಹೊದಿಸಿ. ಬಳಸದೆ ಇಟ್ಟ ಯಂತ್ರವನ್ನು ತಿಂಗಳಿಗೊಮ್ಮೆ ಕೈಯಿಂದ ಹತ್ತು ಸುತ್ತು ತಿರುಗಿಸಿ, ಪ್ರತಿ ಸಲ ನಿಲ್ಲಿಸಿದ ಜಾಗ ಬೇರೆ ಇರಲಿ. ಕ್ಯಾಮಿನ ಒಂದೇ ಮಗ್ಗುಲು ಸದಾ ಮೇಲಿದ್ದರೆ ಅಲ್ಲಿನ ಎಣ್ಣೆ ಇಳಿದು ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ.